ಎಡಗೈಗೂ ಒಂದು ಕೆಲಸ ಕೊಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ದೋಸೆ ಬಿಟ್ಟು ಬಂದಿದ್ದೀರಿ. ತಿಂದೇ ಬಂದಿದ್ದರೂ ಇರಬಹುದು, ಗಾಂಧಿ ಬಜಾರ್ ಇಲ್ಲಿಂದ ಏನು ದೂರ! ಹಾಗಾಗಿ ನಿದ್ದೆ ಬರುವ ಮೊದಲೇ ವಿಷಯಕ್ಕೆ ಬರುತ್ತೇನೆ: ಫೋಟೊ ಎಡಿಟ್ ಮಾಡುವಾಗ ಎಡಗೈಯಿಂದ ಒತ್ತುವ ಶಾರ್ಟ್‌ಕಟ್ ಕೀಗಳು.

ನಾನು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವವನು. ಫೋಟೊ ಎಡಿಟಿಂಗ್ ಅಂದರೆ ನನಗೆ ದೊಡ್ಡ ಕಲೆಯೇನಲ್ಲ. ಗಿರಾಕಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಅಂಥ ಜಾಗದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಕೆ.ಆರ್. ಮಾರ್ಕೆಟ್‌ನಲ್ಲಿ ಹೂ ಕಟ್ಟುವವರನ್ನು ನೋಡಿದ್ದೀರಲ್ವಾ? ಚೌಕಾಸಿ ಗಿರಾಕಿ ಜೊತೆ, ಕಣ್ಣು ಪಕ್ಕದ ಬುಟ್ಟಿ ಮೇಲೆ. ಕೈ ಮಾತ್ರ ತನ್ನ ಪಾಡಿಗೆ ಮೊಳದ ಮೇಲೆ ಮೊಳ ಕಟ್ಟುತ್ತಿರುತ್ತದೆ. ಈಗ ಫೋಟೊ ತಿದ್ದುವ ಫೋಟೊಶಾಪ್ ಸಾಫ್ಟ್‌ವೇರ್ ಹೊಸದಾಗಿ ಕಲಿಯುವವರನ್ನು ನೋಡಿ. ಹುಡುಗಿಯ ಕೆನ್ನೆ ಮೇಲಿನ ಕಲೆ ತೆಗೆಯಬೇಕು. ಕಣ್ಣು ಕೆನ್ನೆಯಿಂದ ಎಡಗಡೆಯ ಟೂಲ್ ಪಟ್ಟಿಗೆ ಹೋಗುತ್ತದೆ, ಅಲ್ಲಿಂದ ಮೇಲಿನ ಮೆನುಗೆ, ಬ್ರಷ್ ಸೈಜ್‌ಗೆ. ವಾಪಸ್ ಬರುವಷ್ಟರಲ್ಲಿ ಕಲೆ ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ. ಎಡಗೈ? ಅದು ಗಲ್ಲದ ಕೆಳಗೆ ಆರಾಮಾಗಿ ಇರುತ್ತದೆ.

ಶಾರ್ಟ್‌ಕಟ್ ಕೀಗಳಿಂದ ಟೈಮ್ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಳಿಯುತ್ತದೆ, ಸುಳ್ಳಲ್ಲ. ಆದರೆ ಒಂದು ಸಲಕ್ಕೆ ಉಳಿಯುವುದು ಒಂದೆರಡು ಸೆಕೆಂಡ್. ನನಗೆ ಅದಕ್ಕಿಂತ ದೊಡ್ಡ ಲಾಭ ಅಂದರೆ ಕಣ್ಣು ಚಿತ್ರ ಬಿಟ್ಟು ಕದಲುವುದಿಲ್ಲ.

ಹಾಗಂತ ನೂರು ಕೀಗಳ ಪಟ್ಟಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಬೇಡಿ. ನಾನೂ ಅಂಟಿಸಿದ್ದೆ, ಧೂಳು ಹಿಡಿಯಿತು. ಒಂದೇ ಕೆಲಸವನ್ನು ಮೌಸ್‌ನಿಂದ ಮೂರು ಸಲ ಮಾಡಿದಿರಾ? ಆಗ ಮಾತ್ರ ಅದರ ಕೀ ಯಾವುದು ಅಂತ ನೋಡಿ. ಮೆನುವಿನಲ್ಲಿ ಆ ಹೆಸರಿನ ಪಕ್ಕದಲ್ಲೇ ಬರೆದಿರುತ್ತದೆ. ಟೂಲ್ ಮೇಲೆ ಮೌಸ್ ನಿಲ್ಲಿಸಿದರೆ ಅದರ ಅಕ್ಷರ ಕಾಣುತ್ತದೆ. ಬ್ರಷ್‌ಗೆ ಬಿ, ಕ್ರಾಪ್‌ಗೆ ಸಿ, ಟೈಪ್‌ಗೆ ಟಿ, ಗೆರೆ ಎಳೆದು ಭಾಗ ಆರಿಸುವ ಲ್ಯಾಸೊಗೆ ಎಲ್. ಮೂವ್ ಟೂಲ್‌ಗೆ ಮಾತ್ರ ವಿ, ಯಾಕೆಂದರೆ ಎಮ್ ಚೌಕವಾಗಿ ಭಾಗ ಆರಿಸುವ ಮಾರ್ಕೀ ಟೂಲ್‌ನ ಪಾಲಾಗಿದೆ. ಬ್ರಷ್ ದೊಡ್ಡದು ಚಿಕ್ಕದು ಮಾಡಲು ಪಿ ಅಕ್ಷರದ ಪಕ್ಕದ ಎರಡು ಚೌಕ ಬ್ರಾಕೆಟ್‌ಗಳು. ಅಕ್ಷರ ಟೈಪ್ ಮಾಡುವ ಹೊತ್ತು ಬಿಟ್ಟು, ಸ್ಪೇಸ್ ಒತ್ತಿ ಹಿಡಿದರೆ ಯಾವ ಟೂಲ್ ಇದ್ದರೂ ಚಿತ್ರವನ್ನು ಕೈಯಲ್ಲಿ ಎಳೆದಾಡಬಹುದು. ಮೊದಲ ವಾರಕ್ಕೆ ಇಷ್ಟು ಸಾಕು.

ಮಾಡಿದ್ದನ್ನು ರದ್ದು ಮಾಡಿ ಹಿಂದಕ್ಕೆ ಹೋಗುವ ಕಂಟ್ರೋಲ್ ಝೆಡ್ ಬಗ್ಗೆ ಒಂದು ಮಾತು. ನಾಲ್ ಅನ್ನುವ ಅಣ್ಣತಮ್ಮಂದಿರು ಶುರು ಮಾಡಿದ ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಮಾಡಿದ ಹೆಜ್ಜೆಗಳ ಪಟ್ಟಿ ತೋರಿಸುವ ಹಿಸ್ಟರಿ ಪ್ಯಾನೆಲ್ ಬಂದದ್ದು 1998ರ ಐದನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಹಿಂದಕ್ಕೆ ಹೋಗಲು ಇದ್ದದ್ದು ಒಂದೇ ಹೆಜ್ಜೆ! ಆಗ ಕೆಲಸ ಮಾಡಿದವರ ಧೈರ್ಯಕ್ಕೆ ಕೈ ಮುಗಿಯಬೇಕು. ಆಮೇಲೂ ಬಹಳ ವರ್ಷ ಕಂಟ್ರೋಲ್ ಝೆಡ್ ಎರಡು ಸಲ ಒತ್ತಿದರೆ ಹೋದದ್ದು ವಾಪಸ್ ಬರುತ್ತಿತ್ತು. ಇನ್ನೂ ಹಿಂದಕ್ಕೆ ಹೋಗಲು ಆಲ್ಟ್ ಸೇರಿಸಬೇಕಿತ್ತು. 2018ರ ಕೊನೆಗೆ ಬಂದ ಆವೃತ್ತಿಯಿಂದ ಕಂಟ್ರೋಲ್ ಝೆಡ್ ಒತ್ತುತ್ತಾ ಹೋದರೆ ಹಿಂದಕ್ಕೆ ಹೋಗುತ್ತಲೇ ಇರುತ್ತದೆ. ನಮ್ಮ ಪೇಟೆಯ ಕಡೆ ಹಳೆಯ ಆವೃತ್ತಿ ಇಟ್ಟುಕೊಂಡಿರುವ ಅಂಗಡಿಗಳು ಜಾಸ್ತಿ. ಕೆಲಸಕ್ಕೆ ಸೇರಿದ ದಿನವೇ ಇದನ್ನು ಒತ್ತಿ ನೋಡಿಕೊಳ್ಳಿ.

ಈಗ ಲೇಯರ್, ಅಂದರೆ ಚಿತ್ರದ ಬೇರೆ ಬೇರೆ ಪದರಗಳು. ಇದನ್ನು ನಾನು ಕಲಿತದ್ದು ಬೈಸಿಕೊಂಡು. ಆಗ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ಪತ್ರಿಕೆ ಮುಗಿಸಿ, ಎಲ್ಲ ಲೇಯರ್ ಒಂದು ಮಾಡಿ, ಜೆಪೆಗ್ ಮಾತ್ರ ಸೇವ್ ಮಾಡಿ ಮನೆಗೆ ಹೋದೆ. ಮಾರನೇ ದಿನ ಬೆಳಗ್ಗೆ ಹುಡುಗಿಯ ತಂದೆ ಬಾಗಿಲಲ್ಲೇ ನಿಂತಿದ್ದರು. ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆ. ‘ಒಂದು ಹೆಸರು ತಾನೇ, ಸೇರಿಸಿ ಸ್ವಾಮಿ’ ಅಂದರು. ಎಲ್ಲಿ ಸೇರಿಸುವುದು? ಅಕ್ಷರ, ಹಿಂದಿನ ಬಾಳೆಕಂಬದ ಚಿತ್ರ, ಬಂಗಾರದ ಬಣ್ಣದ ಅಂಚು ಎಲ್ಲ ಕಲಸಿದ ಚಿತ್ರಾನ್ನ ಆಗಿತ್ತು. ಇಡೀ ಪತ್ರಿಕೆ ಮತ್ತೆ ಮಾಡಿದೆ. ಚಿಕ್ಕಪ್ಪನಿಗಂತೂ ಸಮಾಧಾನ ಆಯಿತು.

ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು ಅಂದುಕೊಳ್ಳಿ. ಫೋಟೊಶಾಪ್‌ಗೆ ಈ ಸೌಲಭ್ಯ ಬಂದದ್ದು 1994ರಲ್ಲಿ. ಫೋಟೊ ತೆರೆದ ತಕ್ಷಣ ಕಂಟ್ರೋಲ್ ಜೆ ಒತ್ತಿ, ಅದರ ಒಂದು ನಕಲು ಮೇಲೆ ಬರುತ್ತದೆ. ಕೆಲಸ ನಕಲಿನ ಮೇಲೆ ಮಾಡಿ, ಮೂಲ ಮುಟ್ಟಬೇಡಿ. ಲೇಯರ್‌ಗಳು ಹಾಗೇ ಉಳಿಯುವ ಪಿಎಸ್‌ಡಿ ಫೈಲ್ ಇಟ್ಟುಕೊಂಡು, ಗಿರಾಕಿಗೆ ಜೆಪೆಗ್ ಕೊಡಿ.

ಹಾಗೆಯೇ ಇರೇಸರ್ ಕಂಡರೆ ಸ್ವಲ್ಪ ದೂರ ಇರಿ. ಇರೇಸರ್ ಕತ್ತರಿ ಇದ್ದ ಹಾಗೆ, ಕತ್ತರಿಸಿದ್ದು ಹೋಯಿತು. ಲೇಯರ್ ಮಾಸ್ಕ್ ಪರದೆ ಇದ್ದ ಹಾಗೆ. ಕಪ್ಪು ಬಳಿದ ಕಡೆ ಮುಚ್ಚುತ್ತದೆ, ಬಿಳಿ ಬಳಿದರೆ ಮತ್ತೆ ತೆರೆಯುತ್ತದೆ. ಮದುಮಗಳ ಕೂದಲಿನ ಅಂಚು ಜಾಸ್ತಿ ಹೋಯಿತೇ? ಬಿಳಿ ಬ್ರಷ್ ಆಡಿಸಿ, ವಾಪಸ್ ಬರುತ್ತದೆ. ಎಡಗೈ ನಿಜವಾಗಿ ದುಡಿಯುವುದು ಇಲ್ಲೇ. ಡಿ ಒತ್ತಿದರೆ ಕಪ್ಪು ಬಿಳುಪು ಸಿದ್ಧ. ಎಕ್ಸ್ ಒತ್ತಿದರೆ ಎರಡೂ ಅದಲು ಬದಲು. ಬಲಗೈ ಬಳಿಯುತ್ತಿರುತ್ತದೆ, ಎಡಗೈ ಎಕ್ಸ್ ಒತ್ತುತ್ತಿರುತ್ತದೆ. ಇದು ರೂಢಿಯಾದ ದಿನ ನಿಮಗೇ ಮಜಾ ಅನಿಸುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎರಡು ವಿಶೇಷ ತಲೆನೋವುಗಳಿವೆ. ಇಂಗ್ಲಿಷ್ ವಿಡಿಯೊಗಳಲ್ಲಿ ಇವನ್ನು ಯಾರೂ ಹೇಳುವುದಿಲ್ಲ. ಮೊದಲನೆಯದು ಒತ್ತಕ್ಷರ. ಯೂನಿಕೋಡ್ ಕನ್ನಡ, ಅಂದರೆ ಮೊಬೈಲ್ ಮತ್ತು ಇಂಟರ್‌ನೆಟ್‌ನಲ್ಲಿ ಬರುವ ಕನ್ನಡ, ಅಂಟಿಸಿದರೆ ಫೋಟೊಶಾಪ್‌ನಲ್ಲಿ ಕೆಲವು ಸಲ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಫಾಂಟ್‌ಗೆ ಬೈಯುವ ಮೊದಲು ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಕಡೆ ಹೋಗಿ, ದಕ್ಷಿಣ ಏಷ್ಯಾದ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸಿ. ಕೆಲವು ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್ ರೆಡಿ. ಆಮೇಲೆ ಹೊಸ ಫೈಲ್ ತೆರೆದು ಟೈಪ್ ಮಾಡಿ.

ಎರಡನೆಯದು ಸ್ವಲ್ಪ ತಮಾಷೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿರುತ್ತವೆ. ಲಗ್ನಪತ್ರಿಕೆ ಅಂಗಡಿಗಳಲ್ಲಿ ಅವು ಇವತ್ತಿಗೂ ಓಡುತ್ತಿವೆ. ಹೆಸರು ಟೈಪ್ ಮಾಡಿದಿರಿ, ಜರುಗಿಸೋಣ ಅಂತ ವಿ ಒತ್ತಿದಿರಿ. ಕರ್ಸರ್ ಇನ್ನೂ ಅಕ್ಷರದ ನಡುವೆಯೇ ಮಿನುಗುತ್ತಿತ್ತು. ಮೂವ್ ಟೂಲ್ ಬರಲಿಲ್ಲ, ಮದುಮಗನ ಹೆಸರಿನ ಕೊನೆಗೆ ತಲೆಕಟ್ಟಿಲ್ಲದ ಒಂದು ‘ತ’ ಬಂದು ಕೂತಿತು! ಪ್ರೂಫ್‌ನಲ್ಲಿ ಕಣ್ತಪ್ಪಿದರೆ ಪ್ರಿಂಟ್ ಆಗಿಯೇಬಿಡುತ್ತದೆ. ಟೈಪ್ ಮುಗಿದ ಮೇಲೆ ಕಂಟ್ರೋಲ್ ಎಂಟರ್ ಒತ್ತಿ ಹೊರಬನ್ನಿ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಕೈ ಕೊಡುತ್ತವೆ, ಅದನ್ನೂ ಆಫ್ ಮಾಡಿ.

ಸೈಜ್ ವಿಚಾರ ಬೇಗ ಹೇಳುತ್ತೇನೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಒಂದು ಇಂಚಿಗೆ 300 ಪಿಕ್ಸೆಲ್ ಅಂತ ಲೆಕ್ಕ. ಎ4 ಹಾಳೆಗೆ 2480 ಮತ್ತು 3508 ಪಿಕ್ಸೆಲ್. 1600 ಪಿಕ್ಸೆಲ್ ಉದ್ದದ ಫೋಟೊ ಕೊಟ್ಟರೆ ಐದು ಇಂಚು ದಾಟಿ ಸ್ವಲ್ಪ ಬರುತ್ತದೆ, ಅಷ್ಟೇ. ಗಿರಾಕಿ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ.

ಫೋಟೊಶಾಪ್‌ಗೆ ದುಡ್ಡಿಲ್ಲ ಅನ್ನುವವರು ಕೈ ಎತ್ತಿ. ಎಲ್ಲರೂ! ಸರಿ, ಅದಕ್ಕೇ ಇವತ್ತು ಇಲ್ಲಿನ ಕಂಪ್ಯೂಟರ್‌ಗಳಲ್ಲಿ ಗಿಂಪ್ ಅನ್ನುವ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿದ್ದೇವೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರು ಮಾಡಿದ್ದು, ಪುಕ್ಕಟೆ, ಕದ್ದದ್ದಲ್ಲ. ಕನ್ನಡದ ಒತ್ತುಗಳನ್ನು ತಕರಾರಿಲ್ಲದೆ ಕೂರಿಸುತ್ತದೆ. ಕೆಲವು ಕೀ ಬೇರೆ. ಬ್ರಷ್‌ಗೆ ಪಿ, ಒಂದು ಕಡೆಯದನ್ನು ಇನ್ನೊಂದು ಕಡೆ ನಕಲು ಬಳಿಯುವ ಕ್ಲೋನ್‌ಗೆ ಸಿ. ಡಿ, ಎಕ್ಸ್, ಬ್ರಾಕೆಟ್, ಕಂಟ್ರೋಲ್ ಝೆಡ್ ಎಲ್ಲ ಹಾಗೇ ಇವೆ. ಸೇವ್ ಮಾಡಿದರೆ ಅದರ ಸ್ವಂತ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ. ಜೆಪೆಗ್ ಬೇಕಿದ್ದರೆ ಎಕ್ಸ್‌ಪೋರ್ಟ್ ಮಾಡಬೇಕು.

ಈಗ ನಿಮ್ಮ ಪರದೆ ಮೇಲೆ ಒಂದು ಬೀದಿಯ ಫೋಟೊ ಇದೆ. ಹಳೆ ಹೆಂಚಿನ ಮನೆ, ಸಂಪಿಗೆ ಮರ, ಅಡ್ಡಡ್ಡ ಕೇಬಲ್‌ಗಳು. ಬೆಂಗಳೂರಲ್ಲಿ ಕೇಬಲ್ ಇಲ್ಲದ ಆಕಾಶ ಎಲ್ಲಿ ಸಿಗುತ್ತದೆ ಹೇಳಿ! ಅವನ್ನು ಕ್ಲೋನ್ ಟೂಲ್‌ನಿಂದ ತೆಗೆಯಿರಿ. ಕಂಟ್ರೋಲ್ ಹಿಡಿದು ಪಕ್ಕದ ಆಕಾಶದಲ್ಲಿ ಕ್ಲಿಕ್ ಮಾಡಿ ಮಾದರಿ ಆರಿಸಿಕೊಳ್ಳಿ. ಫೋಟೊಶಾಪ್‌ನಲ್ಲಾದರೆ ಆಲ್ಟ್. ಮಾದರಿಯನ್ನು ಕೇಬಲ್‌ನ ಮೇಲ್ಗಡೆಯಿಂದಲೋ ಕೆಳಗಡೆಯಿಂದಲೋ ಬಹಳ ದೂರದಲ್ಲಿ ಆರಿಸಿದರೆ ಬಣ್ಣ ಹೊಂದುವುದಿಲ್ಲ, ಆಕಾಶ ಮೇಲಿಂದ ಕೆಳಕ್ಕೆ ತಿಳಿಯಾಗುತ್ತಾ ಬರುತ್ತದೆ. ಮರದ ಎಲೆಗಳ ನಡುವೆ ಬಂದಾಗ ಬ್ರಷ್ ಚಿಕ್ಕದು ಮಾಡಿ. ಇಪ್ಪತ್ತು ನಿಮಿಷ ಟೈಮ್. ನಾನು ಸುಮ್ನೆ ಸುತ್ತಾಡುತ್ತಾ ನಿಮ್ಮ ಎಡಗೈ ಎಲ್ಲಿದೆ ಅಂತ ನೋಡುತ್ತಿರುತ್ತೇನೆ.