ಹೊಯ್ಗೆಯಲ್ಲಿ ಬರೆದ ‘ಅ’

ಕೇಳುಗರೆಲ್ಲರಿಗೂ ನಮಸ್ಕಾರ.

ಕುಂಬಳೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಜ್ಜ ನನಗೆ ಅಕ್ಷರ ಕಲಿಸಿದ್ದು ಹೊಯ್ಗೆಯಲ್ಲಿ. ಹೊಳೆಬದಿಯಿಂದ ತಂದ ನಯವಾದ ಹೊಯ್ಗೆಯನ್ನು ನೆಲದಲ್ಲಿ ಹರಡುತ್ತಿದ್ದರು. ನನ್ನ ತೋರುಬೆರಳು ಹಿಡಿದು ‘ಅ’ ಬರೆಸುತ್ತಿದ್ದರು. ತಪ್ಪಾದರೆ ಅಂಗೈಯಿಂದ ಒಮ್ಮೆ ಸವರಿದರೆ ಆಯ್ತು, ಮತ್ತೆ ಬರೆಯಬಹುದು. ಸಂಜೆಯಾಗುವಾಗ ಬೆರಳ ತುದಿ ಕೆಂಪಗಾಗಿ ಉರಿಯುತ್ತಿತ್ತು.

ಆ ಉರಿ ಮತ್ತೆ ನೆನಪಾದದ್ದು ಇಂಗ್ಲೆಂಡಿನಲ್ಲಿ. ಮಗಳ ಮನೆಗೆ ಹೋಗಿದ್ದೆ. ಲಂಡನ್ನಿನಿಂದ ರೈಲಿನಲ್ಲಿ ಉತ್ತರಕ್ಕೆ ಹೋದರೆ ಹಿಚಿನ್ ಎಂಬ ಪೇಟೆ ಸಿಗುತ್ತದೆ. ಅಲ್ಲಿ 1810ರಲ್ಲಿ ಬಡವರ ಮಕ್ಕಳಿಗಾಗಿ ಶುರುವಾದ ಶಾಲೆಯೊಂದಿದೆ. 1969ರ ತನಕ ಅಲ್ಲಿ ಪಾಠ ನಡೆಯಿತು. ಈಗ ಅದು ಶಾಲಾ ಜೀವನದ ಮ್ಯೂಸಿಯಂ.

1837ರಲ್ಲಿ ಕಟ್ಟಿದ ಉದ್ದನೆಯ ಕೋಣೆ ಹಾಗೆಯೇ ಇದೆ. ಒಬ್ಬರೇ ಮೇಷ್ಟ್ರು, 300 ಹುಡುಗರು! ಹೇಗೆ ಸಾಧ್ಯ ಅಂತ ಅನಿಸುತ್ತದೆ ಅಲ್ವಾ? ಮೇಷ್ಟ್ರು ದೊಡ್ಡ ಹುಡುಗರಿಗೆ ಮೊದಲು ಪಾಠ ಹೇಳುತ್ತಿದ್ದರು. ಅವರು ಹೋಗಿ ಸಣ್ಣವರಿಗೆ ಕಲಿಸುತ್ತಿದ್ದರು. ಗೋಡೆಯಲ್ಲಿ ತೂಗುಹಾಕಿದ ಪಾಠದ ಹಲಗೆ, ಅದರೆದುರು ಅರ್ಧ ವೃತ್ತದಲ್ಲಿ ನಿಂತ ಮಕ್ಕಳು. ತಲೆಗೊಂದು ಪುಸ್ತಕ ಬೇಕಾಗಿರಲಿಲ್ಲ.

ತೀರಾ ಸಣ್ಣವರಿಗೆ ಸ್ಲೇಟು ಕೂಡ ಇಲ್ಲ. ಅವರಿಗೆ ಇದ್ದದ್ದು ಹೊಯ್ಗೆ ತುಂಬಿದ ಮರದ ತಟ್ಟೆ. ನಾನು ಬೆರಳಿಟ್ಟು ‘ಅ’ ಬರೆದೆ. ಅಜ್ಜನ ಕೈ ನನ್ನ ಕೈಯ ಮೇಲೆ ಇದ್ದ ಹಾಗಾಯಿತು. ಸ್ವಲ್ಪ ಹೊತ್ತು ಅಲ್ಲಿಂದ ಏಳಲಿಕ್ಕಾಗಲಿಲ್ಲ.

ಆ ಹೊಯ್ಗೆಯ ಪಾಠ ಅಲ್ಲಿಗೆ ಹೋದದ್ದೇ ನಮ್ಮ ಕಡೆಯಿಂದ. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗುವಾಗ, ಊರ ಶಾಲೆಯ ಮಕ್ಕಳು ನೆಲದಲ್ಲಿ ಕೂತು ಹೊಯ್ಗೆಯಲ್ಲಿ ಬರೆಯುವುದನ್ನು ಕಂಡರು. ಅದನ್ನೇ ತಮ್ಮ ಶಾಲೆಗೆ ತಂದರು. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಬರೆದು ಅಚ್ಚು ಹಾಕಿಸಿದರು. ಲಂಡನ್ನಿನಲ್ಲಿ ಬಡಮಕ್ಕಳ ಶಾಲೆ ನಡೆಸುತ್ತಿದ್ದ ಜೋಸೆಫ್ ಲ್ಯಾಂಕಾಸ್ಟರ್ ಎಂಬವರೂ ಹೊಯ್ಗೆಯನ್ನು ಬಳಸಿದರು. ಹಿಚಿನ್ ಶಾಲೆ ನಡೆದದ್ದು ಲ್ಯಾಂಕಾಸ್ಟರ್ ಕ್ರಮದಲ್ಲಿ. ಬೆಲ್ ಅವರ ಕ್ರಮಕ್ಕಂತೂ ಮದ್ರಾಸ್ ಪದ್ಧತಿ ಎಂದೇ ಹೆಸರು. 1956ರ ತನಕ ನಮ್ಮ ಕಾಸರಗೋಡೂ ಮದ್ರಾಸಿಗೇ ಸೇರಿತ್ತಲ್ಲ!

ಹಿಚಿನ್ನಿನವರು ಆ ತಟ್ಟೆಯನ್ನು ಜೋಪಾನವಾಗಿ ಇಟ್ಟಿದ್ದಾರೆ. ನಾವು?

ನಾನು ಓದಿದ ಕನ್ನಡ ಶಾಲೆಯ ಹಳೆ ಕಟ್ಟಡ ಕೆಡವಿದಾಗ ಹಾಜರಿ ಪುಸ್ತಕಗಳೆಲ್ಲ ಗುಜರಿಗೆ ಹೋದವು. ಮಕ್ಕಳನ್ನು ಸೇರಿಸಿಕೊಂಡ ದಪ್ಪ ಪುಸ್ತಕವೂ ಹೋಯಿತು. ಅದರಲ್ಲಿ ಅಮ್ಮನ ಹೆಸರಿತ್ತು. ಅವಳನ್ನು ಮೂರನೇ ಕ್ಲಾಸಿಗೆ ಬಿಡಿಸಿದ ತಾರೀಕೂ ಇತ್ತು. ಒಮ್ಮೆ ಮೇಷ್ಟ್ರು ನನಗೆ ಆ ಪುಟ ತೆಗೆದು ತೋರಿಸಿದ್ದರು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅಮ್ಮ ಶಾಲೆಗೆ ಹೋಗಿದ್ದಳು ಅನ್ನುವುದಕ್ಕೆ ಬೇರೆ ಗುರುತು ನಮ್ಮಲ್ಲಿ ಇಲ್ಲ.

ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಮೇಷ್ಟ್ರಾಗಿದ್ದ ನಾಡು ಇದು. ಮಕ್ಕಳು ಕಡಿಮೆಯಾಗಿ ಕೋಣೆಗಳು ಖಾಲಿ ಬಿದ್ದ ಕನ್ನಡ ಶಾಲೆಗಳು ನಮ್ಮಲ್ಲಿವೆ. ನಮ್ಮದೇ ಒಂದು ಶಾಲಾ ಮ್ಯೂಸಿಯಂ ಮಾಡಲಿಕ್ಕೆ ಅಂಥ ಒಂದು ಕೋಣೆ ಸಾಕು. ಉದ್ದ ಬೆಂಚು, ಗಂಟೆ, ಭೂಪಟ, ಹಳೆ ಗುಂಪು ಫೋಟೋ ತಂದಿಡೋಣ. ಸ್ಲೇಟು ಒರೆಸುತ್ತಿದ್ದ ನೀರುಕಡ್ಡಿ ಗಿಡವನ್ನೂ ಬಾಗಿಲ ಬದಿಯಲ್ಲಿ ನೆಡೋಣ.

ನನ್ನ ಹತ್ತಿರ ಅಮ್ಮನ ಸ್ಲೇಟು ಇದೆ. ಮರದ ಚೌಕಟ್ಟು, ಒಂದು ಮೂಲೆ ಒಡೆದಿದೆ. ಕೋಣೆ ಸಿಕ್ಕಿದ ದಿನ ಮೊದಲು ಅದನ್ನೇ ತಂದು ಕೊಡುತ್ತೇನೆ.

ನಮಸ್ಕಾರ.