ಕಾವಲಿನಲ್ಲಿ ತೋಡಿದ ಗುಂಡಿಗಳು

ಆಕಾಶವಾಣಿ ಚಿತ್ರದುರ್ಗದ ಕೇಳುಗರಿಗೆ ನಮಸ್ಕಾರ.

ಚಳ್ಳಕೆರೆ ಅಂದ ತಕ್ಷಣ ನಮಗೆ ನೆನಪಾಗುವುದು ಎಣ್ಣೆ ಮಿಲ್ಲು, ಶೇಂಗಾ, ಕಂಬಳಿ. ಅದೇ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ, ಅಂದರೆ ದನಕುರಿ ಮೇಯುವ ಬಯಲಿನಲ್ಲಿ, ಇಸ್ರೋ ಕೆಲವು ಗುಂಡಿಗಳನ್ನು ಬೇಕಂತಲೇ ತೋಡಿಸಿತ್ತು. ಚಂದ್ರನ ಮೈಮೇಲೆ ಇರುತ್ತವಲ್ಲ, ಅಂಥವು. ಚಂದ್ರಯಾನ-2ರ ಲ್ಯಾಂಡರ್‌ಗೆಂದು, ಅಂದರೆ ಚಂದ್ರನ ಮೇಲೆ ಇಳಿಯುವ ನೌಕೆಗೆಂದು, ಮಾಡಿದ ಸೆನ್ಸರ್‌ಗಳನ್ನು ವಿಮಾನದಲ್ಲಿಟ್ಟು, ಆ ಗುಂಡಿಗಳ ಮೇಲೆ ಹಾರಿಸಿ ನೋಡಿದರು. ಇವತ್ತು ನಾನು ಹೇಳಬೇಕೆಂದಿರುವುದು ಈ ಪರೀಕ್ಷೆಗಳ ಬಗ್ಗೆ. ರಾಕೆಟ್ ಹಾರುವುದನ್ನು ಎಲ್ಲರೂ ನೋಡುತ್ತೇವೆ. ಇಳಿಯುವುದನ್ನು ಕಲಿಸುವ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಗುಂಡಿ ಯಾಕೆ ಬೇಕು? ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಹಿರಿಯೂರು ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡರೆ 'ದುರ್ಗ ಬಂತು' ಅಂತ ಚೀಲ ಎತ್ತಿಕೊಳ್ಳುತ್ತೇವೆ, ಅಲ್ವಾ? ಬೋರ್ಡು ಓದಬೇಕಾಗಿಲ್ಲ. ಕುರಿಗಾಹಿಗಳೂ ಹಾಗೆಯೇ, ಒಂದು ಹುತ್ತ, ಒಂದು ಜಾಲಿಮರ ನೋಡಿ ಕಾವಲಿನಲ್ಲಿ ತಾವು ಎಲ್ಲಿದ್ದೇವೆ ಎಂದು ಹೇಳಿಬಿಡುತ್ತಾರೆ. ಚಂದ್ರನಲ್ಲಿ ಜಿಪಿಎಸ್ ಇಲ್ಲ. ಅಲ್ಲಿ ಗುರುತಿಗೆ ಸಿಗುವುದು ಕುಳಿಗಳೇ. ಲ್ಯಾಂಡರ್‌ನ ಕ್ಯಾಮೆರಾ ಕೆಳಗಿನ ನೆಲದ ಚಿತ್ರ ತೆಗೆಯುತ್ತದೆ. ಮೊದಲೇ ತುಂಬಿಟ್ಟ ನಕ್ಷೆಯ ಜೊತೆ ಅದನ್ನು ಹೋಲಿಸಿ 'ನಾನು ಇಲ್ಲಿದ್ದೇನೆ' ಎಂದು ಲೆಕ್ಕ ಹಾಕುತ್ತದೆ. ಎತ್ತರ ಅಳೆಯಲು ಲೇಸರ್ ಇದೆ, ರೇಡಾರ್ ಇದೆ. ಎಲ್ಲಿದ್ದೇನೆ ಎಂದು ತಿಳಿದ ಮೇಲೆ, ಅಲ್ಲಿಂದ ಗುರಿಗೆ ಯಾವ ದಾರಿ, ಯಾವ ಎಂಜಿನ್ ಎಷ್ಟು ಉರಿಯಬೇಕು ಎನ್ನುವುದನ್ನೂ ಅದೇ ತೀರ್ಮಾನಿಸಬೇಕು.

ಮಂಗಳನ ವಿಷಯ ಇನ್ನೂ ಕಷ್ಟ. 2021ರ ಫೆಬ್ರವರಿ 18ರಂದು ನಾಸಾದ ಪರ್ಸಿವಿಯರೆನ್ಸ್ ಎಂಬ ರೋವರ್ ಅಲ್ಲಿ ಇಳಿಯಿತು. ಅಲ್ಲಿಂದ ಸುದ್ದಿ ಭೂಮಿಗೆ ಬರಲು ಆವತ್ತು 11 ನಿಮಿಷ ಬೇಕಿತ್ತು. ಇಳಿಯುವ ಕೆಲಸವೋ ಸುಮಾರು ಏಳೇ ನಿಮಿಷದ್ದು. 'ಸ್ವಲ್ಪ ಬಲಕ್ಕೆ ಹೋಗಪ್ಪ' ಅಂತ ಇಲ್ಲಿಂದ ಹೇಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದೂ ನೆಲದ ಚಿತ್ರ ನೋಡಿಯೇ ದಾರಿ ಹುಡುಕಿಕೊಂಡಿತು. ಆ ಕಣ್ಣನ್ನು ಅವರು ಮೊದಲು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ, ನೆಟ್ಟಗೆ ಏರಿ ನೆಟ್ಟಗೆ ಇಳಿಯುವ ಒಂದು ಪುಟ್ಟ ರಾಕೆಟ್ಟಿನ ಮೇಲೆ ಪರೀಕ್ಷಿಸಿದ್ದರು. ಅವರಿಗೆ ಮೊಹಾವಿ, ನಮಗೆ ಚಳ್ಳಕೆರೆ.

ಹಾಗಾದರೆ ಇಡೀ ಲ್ಯಾಂಡರನ್ನೇ ಇಲ್ಲಿ ಒಮ್ಮೆ ಹಾರಿಸಿ ಇಳಿಸಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಚಂದ್ರಯಾನ-3ರ ವಿಕ್ರಮ್‌ಗೆ ನಾಲ್ಕು ದೊಡ್ಡ ಎಂಜಿನ್‌ಗಳು, ಒಂದೊಂದರ ಬಲ 800 ನ್ಯೂಟನ್. ನಾಲ್ಕೂ ಸೇರಿ ಭೂಮಿಯ ಮೇಲೆ ಎತ್ತಬಲ್ಲದ್ದು ಸುಮಾರು 325 ಕೆ.ಜಿ. ಇಂಧನ ತುಂಬಿದ ವಿಕ್ರಮ್ ತೂಗುವುದು 1,750 ಕೆ.ಜಿ.ಯಷ್ಟು. ಚಂದ್ರನ ಸೆಳೆತ ಇಲ್ಲಿನದರ ಆರನೇ ಒಂದು ಪಾಲು ಇರುವುದರಿಂದ ಅಲ್ಲಿ ಆ ಎಂಜಿನ್‌ಗಳು ಸಾಕು. ಇಲ್ಲಿ ಅದು ನೆಲ ಬಿಟ್ಟು ಮೇಲೇಳುವುದೇ ಇಲ್ಲ.

ಅದಕ್ಕೇ ಪರೀಕ್ಷೆಯನ್ನು ತುಂಡು ತುಂಡಾಗಿ ಮಾಡುತ್ತಾರೆ. ಚಂದ್ರಯಾನ-3ಕ್ಕೆ ಕಣ್ಣು ಮತ್ತು ತಲೆಯ ಭಾಗವನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿದರು, ಎಂಜಿನ್ ಉರಿಸದೆ. ಎಂಜಿನ್ ಉರಿಸಿ ನೋಡುವಾಗ ಎತ್ತರದ ಕ್ರೇನಿಗೆ ತೂಗುಹಾಕಿದರು. ಕಾಲುಗಳ ಪರೀಕ್ಷೆ ಮತ್ತೆ ಬೇರೆ. ಈ ತುಂಡುಗಳೆಲ್ಲ ನಿಜವಾಗಿ ಒಟ್ಟಿಗೆ ಕೆಲಸ ಮಾಡುವುದು ಒಂದೇ ಸಲ, ಚಂದ್ರನ ಮೇಲೆ. ಇದನ್ನು ಯೋಚಿಸಿದರೆ ನನಗೆ ಈಗಲೂ ಎದೆ ಢವಗುಟ್ಟುತ್ತದೆ.

ಚಂದ್ರಯಾನ-2ರ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿದ 2019ರ ಸೆಪ್ಟೆಂಬರ್ 7ರ ನಡುರಾತ್ರಿ ನಿಮಗೆ ನೆನಪಿರಬಹುದು. ಆವತ್ತು ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಕೊಟ್ಟವು. ತಪ್ಪು ಬೆಳೆಯುತ್ತ ಹೋಯಿತು. ಸರಿಮಾಡಿಕೊಳ್ಳಲು ಲ್ಯಾಂಡರ್ ಬೇಗ ತಿರುಗಬೇಕಿತ್ತು, ಆದರೆ ಅಷ್ಟು ಬೇಗ ತಿರುಗಲು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಇಳಿಯಲು ಗೊತ್ತುಮಾಡಿದ್ದ ಜಾಗವೂ 500 ಮೀಟರ್ ಉದ್ದ, 500 ಮೀಟರ್ ಅಗಲದ್ದು, ಬಲು ಚಿಕ್ಕದು. ಮುಂದಿನ ಸಲ ಅದನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದರು. ಐದು ಎಂಜಿನ್ ನಾಲ್ಕಾಯಿತು. ವೇಗ ಅಳೆಯುವ ಹೊಸ ಲೇಸರ್ ಉಪಕರಣ ಬಂತು.

ನಮ್ಮ ಕಾವಲಿನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯದಲ್ಲಿ 2023 ಮತ್ತು 2024ರಲ್ಲಿ ಇಸ್ರೋದ ರೆಕ್ಕೆಯುಳ್ಳ ವಾಹನ ಮೂರು ಸಲ ತಾನಾಗಿಯೇ ಇಳಿಯಿತು. ಮರುಬಳಕೆಯ ರಾಕೆಟ್ಟಿಗಾಗಿ ನಡೆದ ಪರೀಕ್ಷೆ ಅದು. ಮೂರನೇ ಸಲ, ಜೂನ್ 23ರ ಬೆಳಿಗ್ಗೆ, ಪುಷ್ಪಕ್ ಎಂಬ ಆ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು, ರನ್‌ವೇ ನೇರಕ್ಕಲ್ಲ, 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ಪೈಲಟ್ ಇಲ್ಲ. ಅದೇ ದಾರಿ ತಿದ್ದಿಕೊಂಡು ಗಂಟೆಗೆ 320 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ರನ್‌ವೇ ನಡುಗೆರೆಯ ಮೇಲೇ ಓಡಿ ನಿಂತಿತು. ಬೇಕಂತಲೇ ದಾರಿ ತಪ್ಪಿಸಿ ಬಿಡುವುದಿದೆಯಲ್ಲ, ನನಗೆ ತುಂಬಾ ಹಿಡಿಸಿದ್ದು ಅದು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಬಯಲು ಸುಮ್ನೆ ಖಾಲಿ ಬಿದ್ದಿದ್ದ ಜಾಗವಲ್ಲ. ಅಮೃತಮಹಲ್ ದನಗಳ ಕಾವಲು, ಸುತ್ತಲ ಹಳ್ಳಿಗಳ ಕುರಿ ಮೇಯುತ್ತಿದ್ದ ನೆಲ. ಬೇಲಿ ಎದ್ದಾಗ ಮೇವು ಕಳೆದುಕೊಂಡವರು ದೂರು ಹೇಳಿದ್ದು ನ್ಯಾಯವೇ. ಆ ಹಳ್ಳಿಗಳ ಮಕ್ಕಳಿಗೆ ಈ ಗುಂಡಿಗಳ ಕಥೆಯನ್ನು ಅವರ ಶಾಲೆಗೇ ಹೋಗಿ ಯಾರಾದರೂ ಹೇಳಬೇಕು ಎನ್ನುವುದು ನನ್ನ ಆಸೆ.

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಅದಕ್ಕೆ ಸ್ವಲ್ಪ ಮೊದಲು, 150 ಮೀಟರ್ ಎತ್ತರದಲ್ಲಿ ವಿಕ್ರಮ್ ಗಾಳಿಯಿಲ್ಲದ ಆಕಾಶದಲ್ಲಿ ಕೆಲವು ಕ್ಷಣ ನಿಂತಿತು. ಕೆಳಗೆ ಬಂಡೆ ಇದೆಯೇ, ಗುಂಡಿ ಇದೆಯೇ ಎಂದು ತಾನೇ ನೋಡಿತು. ಆಮೇಲೆ ಇಳಿಯಿತು.

ಇಷ್ಟಕ್ಕೇ ಬಿಡಲಿಲ್ಲ ನಮ್ಮವರು. ಹತ್ತು ದಿನ ಕಳೆದ ಮೇಲೆ, ಸೆಪ್ಟೆಂಬರ್ 3ರಂದು, ಎಂಜಿನ್ ಮತ್ತೆ ಉರಿಸಿದರು. ವಿಕ್ರಮ್ ಸುಮಾರು 40 ಸೆಂಟಿಮೀಟರ್ ಮೇಲೆದ್ದು, ಒಂದಡಿಯಷ್ಟು ಆಚೆ ಮತ್ತೆ ಕಾಲೂರಿತು. ಅಷ್ಟು ದೂರ ಹೋಗಿ, ಕೆಲಸವೆಲ್ಲ ಮುಗಿದ ಮೇಲೂ, ಇನ್ನೊಂದು ಪರೀಕ್ಷೆ.

ನಮಸ್ಕಾರ.