ಗೋದಾಮಿನಿಂದ ಬಾಯಿಗೆ ಎಷ್ಟು ದೂರ?

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಆಶಾ ಅಕ್ಕಂದಿರು ಕೂತಿದ್ದೀರಿ, ಹಿಂದೆ ಎನ್‌ಎಸ್‌ಎಸ್ ಹುಡುಗ ಹುಡುಗಿಯರು. ನನ್ನ ಪ್ರಕಾರ ಕೂತಿರೋದು ಸರಿಯಾಗೇ ಇದೆ. ಇವತ್ತಿನ ವಿಷಯ, ತುರ್ತು ಬಂದಾಗ ಊರಿಗೆಲ್ಲ ಔಷಧಿ ಮುಟ್ಟಿಸೋದು. ಅದು ಅಕ್ಕಂದಿರಿಗೆ ಚೆನ್ನಾಗಿ ಗೊತ್ತು, ಹಿಂದೆ ಇರೋರು ಕಲೀಬೇಕು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದವನು. ಜೀವನ ಪೂರ್ತಿ ಇಂಡೆಂಟ್, ಅಂದರೆ ಔಷಧಿಯ ಬೇಡಿಕೆ ಪಟ್ಟಿ, ಬರೆದೆ, ಸ್ಟಾಕ್ ರಿಜಿಸ್ಟರ್ ತುಂಬಿದೆ, ಕಿಟಕಿಯೊಳಗಿಂದ ಮಾತ್ರೆ ಕೊಟ್ಟೆ. ಔಷಧಿ ಕೊಡೋದು ನನಗೆ ಬರುತ್ತೆ ಅಂದುಕೊಂಡಿದ್ದೆ. ಆ ಜಂಬ ಇಳಿದದ್ದು 2020ರ ಅಕ್ಟೋಬರ್‌ನಲ್ಲಿ.

ಭೀಮಾ ನದಿ ತುಂಬಿ ಬಂದಿತ್ತು. ಒಂದು ಶಾಲೆಯಲ್ಲಿ ಪರಿಹಾರ ಕೇಂದ್ರ. ಬಂದವರಿಗೆಲ್ಲ ಒಂದೊಂದು ಕಾಗದದ ಕವರ್ ಕೊಡುತ್ತಿದ್ದೆ. ಅದರಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್, ಒಂದಿಷ್ಟು ಪ್ಯಾರಾಸಿಟಮಾಲ್, ಜೊತೆಗೆ ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ. ಗಡಿಬಿಡಿಯಲ್ಲಿ ಎಲ್ಲ ಒಂದೇ ಕವರ್‌ಗೆ ಸೇರಿಸಿದ್ದೆ. ಮೇಲೆ ಏನೂ ಬರೆದಿರಲಿಲ್ಲ. ಸುಮಾರು ಹೊತ್ತಾದ ಮೇಲೆ ಒಬ್ಬ ಅಜ್ಜ ವಾಪಸ್ ಬಂದರು. ಅಂಗೈಯಲ್ಲಿ ಕ್ಲೋರಿನ್ ಮಾತ್ರೆ. "ಸಾಹೇಬ್ರ, ಇದು ಉಣ್ಣೂಕಿಂತ ಮೊದಲೋ, ಉಂಡ ಮ್ಯಾಲೋ?" ಅಂತ ಕೇಳಿದರು.

20 ಲೀಟರ್ ನೀರಿಗೆ ಒಂದು ಹಾಕಿ, ಅರ್ಧ ಗಂಟೆ ಬಿಟ್ಟು ಆ ನೀರು ಕುಡಿಯಬೇಕು. ಅಜ್ಜ ಅದನ್ನೇ ನುಂಗೋಕೆ ಹೊರಟಿದ್ದರು. ಪುಣ್ಯಕ್ಕೆ ಕೇಳಿದರು. ಕೇಳದೇ ಇರೋರು ಎಷ್ಟು ಜನ ಇದ್ದರೋ! ಆ ರಾತ್ರಿ ಲಾಟೀನು ಹಿಡಿದು, ಕೊಟ್ಟ ಕವರ್‌ಗಳನ್ನೆಲ್ಲ ಹುಡುಕಿಕೊಂಡು ಕೋಣೆಯಿಂದ ಕೋಣೆಗೆ ಅಲೆದೆ. ತಪ್ಪು ಸರ್ಕಾರದ್ದಲ್ಲ, ಸ್ಟಾಕ್‌ನದ್ದಲ್ಲ. ಪೂರ್ತಿ ನಂದೇ. ಔಷಧಿ ಬಂದಿತ್ತು, ಸಾಕಷ್ಟಿತ್ತು, ಎಕ್ಸ್‌ಪೈರಿ ಆಗಿರಲಿಲ್ಲ. ಗೋದಾಮಿನಿಂದ ಅಜ್ಜನ ಅಂಗೈವರೆಗೂ ಮುಟ್ಟಿತ್ತು. ಅಲ್ಲಿಂದ ಮುಂದಿನ ಒಂದು ಗೇಣಿನ ಬಗ್ಗೆ ನಾನು ಯೋಚನೆ ಮಾಡಿರಲಿಲ್ಲ.

ಇವತ್ತು ಆ ಒಂದು ಗೇಣಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಒಂದು ಹಳೇ ಕಥೆ ಹೇಳ್ತೀನಿ, ದೂರದ ಪೋಲೆಂಡ್‌ದು. 1986ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್ ಅಣು ಸ್ಥಾವರ ಸಿಡಿಯಿತು. ಪಕ್ಕದ ದೇಶಕ್ಕೆ ಯಾರೂ ಏನೂ ಹೇಳಲಿಲ್ಲ. ಏಪ್ರಿಲ್ 28ರ ಬೆಳಿಗ್ಗೆ ಪೋಲೆಂಡ್‌ನ ಮಿಕೊವೈಕಿ ಅನ್ನೋ ಊರಿನ ಅಳತೆ ಕೇಂದ್ರದಲ್ಲಿ ಗಾಳಿಯ ವಿಕಿರಣ ಏಕಾಏಕಿ ಏರಿದ್ದು ಕಂಡಿತು. ಅಯೋಡಿನ್ ಕೊಡಬೇಕು, ಅದೂ ಬೇಗ. ವಿಕಿರಣ ಇರುವ ಅಯೋಡಿನ್ ಹೋಗಿ ಥೈರಾಯ್ಡ್ ಗ್ರಂಥಿಯಲ್ಲಿ ಕೂರುವ ಮುಂಚೆ ಒಳ್ಳೆ ಅಯೋಡಿನ್ ಆ ಜಾಗ ಹಿಡಿದುಕೊಂಡರೆ ಕೆಟ್ಟದ್ದಕ್ಕೆ ಜಾಗ ಇಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ತಡವಾದರೆ ಟವೆಲ್ ಹಾಕಿ ಏನು ಪ್ರಯೋಜನ?

ಮಾತ್ರೆ ಮಾಡಿಸುತ್ತಾ ಕೂರೋಕೆ ಸಮಯ ಇರಲಿಲ್ಲ. ಅಯೋಡಿನ್‌ನ ಪುಡಿ ಇತ್ತು. ಔಷಧಿ ಅಂಗಡಿಗಳಲ್ಲೇ ಅದನ್ನು ನೀರಿನಲ್ಲಿ ಕರಗಿಸಿ ದ್ರಾವಣ ಮಾಡಿದರು. 29ರ ಸಂಜೆಯಿಂದ ಶಾಲೆ, ಶಿಶುವಿಹಾರ, ಆರೋಗ್ಯ ಕೇಂದ್ರ, ಔಷಧಿ ಅಂಗಡಿ, ಎಲ್ಲ ಕಡೆ ಮಕ್ಕಳಿಗೆ ಕುಡಿಸೋಕೆ ಶುರು. ಒಟ್ಟು ಸುಮಾರು 1 ಕೋಟಿ 5 ಲಕ್ಷ ಮಕ್ಕಳು ಕುಡಿದರು. ದೊಡ್ಡವರು ತಗೊಳ್ಳಿ ಅಂತ ಯಾರೂ ಹೇಳಿರಲಿಲ್ಲ. ಆದರೂ ಸುಮಾರು 70 ಲಕ್ಷ ದೊಡ್ಡವರು ತಗೊಂಡರು, ಅದು ಬೇರೆ ಮಾತು. ಹೆದರಿದ ಮನುಷ್ಯ ಸಾಲಿನಲ್ಲಿ ನಿಲ್ಲುತ್ತಾನೆ ಬಿಡಿ. ಅಷ್ಟು ಜನಕ್ಕೆ ಕೊಡಲೇಬೇಕಿತ್ತಾ ಅಂತ ಆಮೇಲೆ ಚರ್ಚೆಯೂ ಆಯಿತು. ನನಗೆ ಮುಖ್ಯ ಅನಿಸೋದು ಬೇರೆ. ಮಗುವಿಗೆ ಆ ಕೆಟ್ಟ ರುಚಿಯ ನೀರು ಕುಡಿಸಿದ್ದು ಯಾರು? ಹೆಚ್ಚಿನ ಕಡೆ ಅದರದೇ ಶಾಲೆಯವರು, ಅದರದೇ ಬೀದಿಯ ಅಂಗಡಿಯವರು. ರಾಜಧಾನಿಯಿಂದ ಬಂದ ಯಾರೋ ಸೂಟುಬೂಟಿನವರಲ್ಲ.

ಇದರ ಉಲ್ಟಾ ಕಥೆ ಜಪಾನ್‌ದು. 2011ರ ಮಾರ್ಚ್, ಫುಕುಶಿಮಾ ಅಣು ಸ್ಥಾವರದ ದುರಂತ. ಅಲ್ಲಿ ಅಯೋಡಿನ್ ಮಾತ್ರೆ ಮೊದಲೇ ತಂದಿಟ್ಟಿದ್ದರು. ಕೊಡಿ ಅನ್ನುವ ಆದೇಶ ಮಾತ್ರ ಬೇಕಾದ ಹೊತ್ತಿಗೆ ಬರಲಿಲ್ಲ. ಸ್ಥಾವರದಿಂದ ಸುಮಾರು 50 ಕಿಲೋಮೀಟರ್ ದೂರದ ಮಿಹಾರು ಅನ್ನೋ ಸಣ್ಣ ಊರಿನ ಆಡಳಿತದವರು ಕಾಯಲಿಲ್ಲ. ಮಾರ್ಚ್ 15ಕ್ಕೆ ತಾವೇ ತೀರ್ಮಾನ ಮಾಡಿ, 40 ವರ್ಷದೊಳಗಿನವರಿಗೆ ಹಂಚಿಬಿಟ್ಟರು. ಮೇಲಿನವರು ಮಾತ್ರೆ ವಾಪಸ್ ತಗೊಳ್ಳಿ ಅಂದರು. ಇವರು ತಗೊಳ್ಳಲಿಲ್ಲ. ನಿಯಮ ಮುರಿಯಿರಿ ಅಂತ ನಾನು ಹೇಳ್ತಾ ಇಲ್ಲ ಮತ್ತೆ, ಡಾಕ್ಟರ್ ಸಾಹೇಬರು ಇಲ್ಲೇ ಕೂತಿದ್ದಾರೆ! ಆದರೆ ಆದೇಶ ಯಾರು ಕೊಡಬೇಕು, ಅವರ ಫೋನ್ ಸಿಗದಿದ್ದರೆ ಇನ್ಯಾರು ಕೊಡಬೇಕು ಅನ್ನೋದು ಮೊದಲೇ ಬರೆದಿಟ್ಟಿರಬೇಕು. ನಮ್ಮ ಕೈಗಾ ಅಣು ಸ್ಥಾವರದ ಸುತ್ತಮುತ್ತಲಿನ ಊರಿನವರಿಗೆ ಇಂಥ ಅಣಕು ಕಾರ್ಯಾಚರಣೆ ಹೊಸದಲ್ಲ. ಬಾಕಿ ಊರುಗಳಿಗೆ?

ಬಾಕಿ ಊರುಗಳಲ್ಲೂ ತಾಲೀಮು ನಡೀತಾನೇ ಇದೆ. ನಾವು ಅದನ್ನ ತಾಲೀಮು ಅಂತ ಕರೆಯಲ್ಲ, ಅಷ್ಟೇ.

ಆನೆಕಾಲು ರೋಗದ ಮಾತ್ರೆ ನೋಡಿ. ಮೂರು ಔಷಧಿ ಒಟ್ಟಿಗೆ ನುಂಗಿಸುವ ಪದ್ಧತಿಯನ್ನು ನಮ್ಮ ದೇಶದಲ್ಲಿ ಮೊದಲು ಶುರು ಮಾಡಿದ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ರೋಗ ಇರೋರಿಗೆ ಮಾತ್ರ ಅಲ್ಲ, ಊರಿಗೆ ಊರೇ ನುಂಗಬೇಕು. ಎರಡು ವರ್ಷದೊಳಗಿನ ಮಕ್ಕಳು, ಬಸುರಿಯರು, ತೀರಾ ಕಾಯಿಲೆ ಬಿದ್ದವರು ಬಿಟ್ಟು. ಮೂರರಲ್ಲಿ ಡಿಇಸಿ ಅನ್ನೋ ಮಾತ್ರೆ ಕೊಡೋದು ವಯಸ್ಸು ನೋಡಿ: ಎರಡರಿಂದ ಐದು ವರ್ಷದವರಿಗೆ ಒಂದು, ಆರರಿಂದ ಹದಿನಾಲ್ಕಕ್ಕೆ ಎರಡು, ಅದಕ್ಕೆ ಮೇಲೆ ಮೂರು. ಅಲ್ಬೆಂಡಜೋಲ್ ಒಂದು, ಅಗಿದು ತಿನ್ನೋದು. ಐವರ್ಮೆಕ್ಟಿನ್ ಮಾತ್ರ ಎತ್ತರ ನೋಡಿ. ತೂಕದ ಯಂತ್ರ ಮನೆಮನೆಗೆ ಹೊರೋಕಾಗುತ್ತಾ? ಒಂದು ಕೋಲು ಸಾಕು. 90 ಸೆಂಟಿಮೀಟರ್‌ಗಿಂತ ಗಿಡ್ಡ ಇದ್ದರೆ ಇಲ್ಲ. 90 ದಾಟಿದರೆ ಒಂದು, 120ಕ್ಕೆ ಎರಡು, 141ಕ್ಕೆ ಮೂರು, 159 ಮುಟ್ಟಿದರೆ ನಾಲ್ಕು. ಲೆಕ್ಕ ಎಲ್ಲ ಆ ಕೋಲಿನ ಮೇಲೇ ಇದೆ. ಓದು ಬರಹ ಅಷ್ಟಕ್ಕಷ್ಟೇ ಇದ್ದವರೂ ತಪ್ಪಿಲ್ಲದೆ ಕೊಡಬಹುದು. ಇಷ್ಟು ಜಾಣ ಉಪಕರಣ ನಾನು ಯಾವ ದೊಡ್ಡ ಆಸ್ಪತ್ರೆಯಲ್ಲೂ ನೋಡಿಲ್ಲ, ಖರೆ ಹೇಳ್ತೀನಿ.

ಇಷ್ಟೆಲ್ಲ ಆದರೂ ಕೊನೇ ಗೇಣು ಇದ್ದೇ ಇರುತ್ತೆ. ಒಮ್ಮೆ ನಾನೂ ತಂಡದ ಜೊತೆ ಮನೆಮನೆಗೆ ಹೋಗಿದ್ದೆ. ಆ ಮನೆಯ ಅವ್ವ, "ಇಟ್ಟು ಹೋಗ್ರೀ ಅಕ್ಕೋರ, ಉಂಡ ಮ್ಯಾಲ ತಗೋತೀವಿ" ಅಂದರು. ಸುಳ್ಳಲ್ಲ, ಬರೀ ಹೊಟ್ಟೆಯಲ್ಲಿ ತಗೋಬಾರದು ಅಂತ ನಾವೇ ಹೇಳಿರ್ತೀವಿ. ಆಶಾ ಅಕ್ಕ ಮಾತಾಡಲಿಲ್ಲ. ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ದೀಪದ ಪಕ್ಕ, ಕ್ಯಾಲೆಂಡರ್ ಚೂರಿನಲ್ಲಿ ಸುತ್ತಿಟ್ಟ ಮೂರು ಮಾತ್ರೆ. ಹೋದ ವರ್ಷದ್ದು! ಅವ್ವಗೆ ನಗು ಬಂತು. ಅಕ್ಕಗೂ ಬಂತು. "ಹಂಗಾರ ರೊಟ್ಟಿ ಹಾಕ್ರಿ, ನೀವು ಉಣ್ಣೂತನ ನಾ ಇಲ್ಲೇ ಕುಂಡ್ರತೀನಿ" ಅಂತ ಅಕ್ಕ ಕಟ್ಟೆ ಮೇಲೆ ಕೂತೇಬಿಟ್ಟರು. ಉಂಡರು, ನುಂಗಿದರು, ಬೆರಳಿಗೆ ಗುರುತು ಬಿತ್ತು.

ಆ ಕೆಲಸ ನಾನು ಮಾಡೋಕೆ ಹೋಗಿದ್ದರೆ ಜಗಳ ಆಗ್ತಿತ್ತು. ಅವರಿಬ್ಬರೂ ಒಂದೇ ಬೋರ್‌ವೆಲ್ ನೀರು ತರೋರು. ಅವ್ವನ ಸೊಸೆಯ ಹೆರಿಗೆಗೆ ಆಂಬ್ಯುಲೆನ್ಸ್‌ನಲ್ಲಿ ಜೊತೆಗೆ ಹೋದವರು ಇದೇ ಅಕ್ಕ. ಗುರುತಿನ ಕೈ ಅಂದರೆ ಇದು. ತುರ್ತು ಬಂದ ದಿನ ಇದನ್ನು ಯಾವ ಜಿಲ್ಲಾ ಉಗ್ರಾಣದಿಂದಲೂ ಇಂಡೆಂಟ್ ಹಾಕಿ ತರಿಸೋಕೆ ಆಗಲ್ಲ.

ನುಂಗೋದು ಒಂದು ದಿನದ ಮಾತಾದರೆ ಕಟ್ಟೆ ಮೇಲೆ ಕೂರಬಹುದು. ಜಾಸ್ತಿ ದಿನ ಆದರೆ? ಅಮೆರಿಕದಲ್ಲಿ 2001ರಲ್ಲಿ ಅಂಚೆ ಕಾಗದದ ಮೂಲಕ ಆಂಥ್ರಾಕ್ಸ್ ಅನ್ನೋ ಮಾರಕ ಸೋಂಕು ಹರಡಿದರು. 22 ಜನಕ್ಕೆ ಕಾಯಿಲೆ ಬಂತು, 5 ಜನ ಸತ್ತರು. ಸೋಂಕು ತಗುಲಿರಬಹುದಾದ ಸುಮಾರು 10,000 ಜನಕ್ಕೆ 60 ದಿನ ಆಂಟಿಬಯೋಟಿಕ್ ತಗೊಳ್ಳಿ ಅಂದರು. ಮಾತ್ರೆ ಪುಕ್ಕಟೆ, ಭಯ ಕಣ್ಣೆದುರು. ಆದರೂ ಹೇಳಿದ ಹಾಗೆ ತಗೊಂಡೆವು ಅಂದವರು ನೂರಕ್ಕೆ 44 ಮಾತ್ರ. ಅಲ್ಲಿನೋರೂ ನಮ್ಮೋರೇ, ಅಲ್ವಾ? ಅದಾದ ಮೇಲೆ 2004ರಲ್ಲಿ ಅವರು 21 ನಗರಗಳಿಂದ ಒಂದು ತಯಾರಿ ಶುರು ಮಾಡಿದರು. 48 ಗಂಟೆಯೊಳಗೆ ಇಡೀ ನಗರದ ಕೈಗೆ ಔಷಧಿ ಮುಟ್ಟಬೇಕು ಅನ್ನೋದು ಗುರಿ. ಶಾಲೆ, ಸಭಾಂಗಣಗಳನ್ನೇ ಹಂಚುವ ಕೇಂದ್ರ ಮಾಡೋದು, ಊರಿನ ಸ್ವಯಂಸೇವಕರನ್ನೇ ಮೇಜಿನ ಹಿಂದೆ ಕೂರಿಸೋದು. ಫ್ಲೂ ಲಸಿಕೆ ಹಾಕುವ ದಿನಗಳನ್ನೇ ಅದಕ್ಕೆ ತಾಲೀಮಾಗಿ ಬಳಸೋದು.

ಈಗ ಬೋರ್ಡ್ ಮೇಲೆ ಸ್ವಲ್ಪ ಲೆಕ್ಕ ಹಾಕೋಣ. ಒಂದು ಊರು, 4,000 ಜನ. ಒಂದು ಮೇಜು, ತಲೆಗೆ ಒಂದು ನಿಮಿಷ. 4,000 ನಿಮಿಷ ಅಂದರೆ 66 ಗಂಟೆ ದಾಟಿತು. ಐದು ಮೇಜು ಹಾಕಿದರೆ 13 ಗಂಟೆಗೂ ಜಾಸ್ತಿ. ಅದೇ ಮನೆಗೊಬ್ಬರು ಬಂದು ಎಲ್ಲರದ್ದೂ ತಗೊಂಡು ಹೋದರೆ? 800 ಮನೆ, ಒಂದಕ್ಕೆ ಮೂರು ನಿಮಿಷ ಅಂತಿಟ್ಟುಕೊಂಡರೂ ಐದು ಮೇಜಿಗೆ 8 ಗಂಟೆ. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಮುಗೀತು. ಅವಸರ ಇದ್ದಾಗ ನಾನು ಮನೆಗೊಬ್ಬರ ಲೆಕ್ಕಕ್ಕೇ ವೋಟು ಹಾಕ್ತೀನಿ. ಆದರೆ ಕಣ್ಣೆದುರು ನುಂಗೋದು ತಪ್ಪಿತು. ಅದಕ್ಕೇ ಮಾರನೇ ದಿನ ಅಕ್ಕಂದಿರು ಮನೆಮನೆಗೆ ಹೋಗಬೇಕು. ಪಲ್ಸ್ ಪೋಲಿಯೋದಲ್ಲಿ ಭಾನುವಾರ ಬೂತು, ಆಮೇಲೆ ಬಿಟ್ಟುಹೋದ ಮಗು ಹುಡುಕೋಕೆ ಮನೆ ಭೇಟಿ ಮಾಡ್ತಿದ್ದೆವಲ್ಲ, ಹಾಗೆ.

ಮೇಜಿಗೆ ಬರುವ ಮುಂಚೆ, ಬಾಗಿಲಲ್ಲೇ ಒಬ್ಬರು ನಿಲ್ಲಬೇಕು. ಅವರ ಕೆಲಸ ಒಂದೇ: ಜ್ವರ ಇರೋರನ್ನ, ಸುಸ್ತಾದವರನ್ನ ಸಾಲಿಗೆ ಬಿಡದೆ ಡಾಕ್ಟರ್ ಹತ್ತಿರ ಕಳಿಸೋದು. ಇದು ಮಾತ್ರೆ ಹಂಚುವ ಜಾಗ, ಆಸ್ಪತ್ರೆ ಅಲ್ಲ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತೆ. ಬಾಗಿಲಿಗೆ ಗಟ್ಟಿ ಗಂಟಲಿನ, ತಾಳ್ಮೆ ಇರುವ ಮನುಷ್ಯ ಬೇಕು. ನಮ್ಮೂರಲ್ಲಿ ಆ ಕೆಲಸಕ್ಕೆ ಹೇಳಿ ಮಾಡಿಸಿದವರು ಬಸ್ ಕಂಡಕ್ಟರ್ ಒಬ್ಬರು.

ಕವರ್ ಮೇಲೆ ದೊಡ್ಡ ಅಕ್ಷರ. ಬೆಳಿಗ್ಗೆಯದ್ದಕ್ಕೆ ಸೂರ್ಯ, ರಾತ್ರಿಯದ್ದಕ್ಕೆ ಚಂದ್ರನ ಚಿತ್ರ. ನೀರಿಗೆ ಹಾಕೋದು ಬೇರೆ ಬಣ್ಣದ ಕವರ್‌ನಲ್ಲಿ, ಮೇಲೆ ನೀರಿನ ಕೊಡದ ಚಿತ್ರ. ಈ ಪಾಠಕ್ಕೆ ನಾನು ಎಷ್ಟು ಬೆಲೆ ಕೊಟ್ಟೆ ಅಂತ ಆಗಲೇ ಹೇಳಿದೆ. ತಾಂಡಾದಲ್ಲಿ ಲಂಬಾಣಿ ಬಲ್ಲವರು, ಉರ್ದು, ತೆಲುಗು ಬಲ್ಲವರು ಒಬ್ಬೊಬ್ಬರು ಇರಲಿ. ಮನೆ ಪಟ್ಟಿ ಕಾಗದದ ಮೇಲೂ ಇರಲಿ. ನೆರೆ ಬಂದ ದಿನ ಮೊಬೈಲ್ ಟವರ್ ಮೊದಲು ಮಲಗುತ್ತೆ. ಪಟ್ಟಿಯಲ್ಲಿ ದುಡಿಯೋಕೆ ಬೆಂಗಳೂರಿಗೆ, ಮುಂಬೈಗೆ ಹೋದವರು ಇರ್ತಾರೆ. ಊರಾಚೆ ಇಟ್ಟಿಗೆ ಭಟ್ಟಿಗೆ ಬಂದ ಕೂಲಿಯವರು ಇರಲ್ಲ. ಅವರನ್ನು ಬರೆದುಕೊಳ್ಳೋದು ಯಾರು?

ಇನ್ನು ವದಂತಿ. 2018ರ ಆಗಸ್ಟ್‌ನ ನೆರೆ ಆದ ಮೇಲೆ ಕೇರಳದಲ್ಲಿ ಇಲಿ ಜ್ವರ ಹೆಚ್ಚಾಯಿತು. ಕೆಸರು ನೀರಿನಲ್ಲಿ ಓಡಾಡಿ ಮನೆ ತೊಳೆದವರು, ಪರಿಹಾರ ಕೆಲಸ ಮಾಡಿದವರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ತಗೊಳ್ಳಿ ಅಂತ ಸರ್ಕಾರ ಹೇಳಿತು. ಮಕ್ಕಳಿಗೆ, ಬಸುರಿಯರಿಗೆ ಬೇರೆ ಔಷಧಿ. ಅಷ್ಟರಲ್ಲಿ ಆ ಮಾತ್ರೆ ತಗೋಬೇಡಿ ಅನ್ನೋ ಪ್ರಚಾರ ಶುರುವಾಯಿತು, ಪ್ರಚಾರ ಮಾಡಿದ ಒಬ್ಬರ ಬಂಧನವೂ ಆಯಿತು. ಬಂಧನದಿಂದ ವದಂತಿ ನಿಲ್ಲುತ್ತೆ ಅಂತ ನನಗೆ ನಂಬಿಕೆ ಇಲ್ಲ. ಡಾಕ್ಸಿಸೈಕ್ಲಿನ್ ಬರೀ ಹೊಟ್ಟೆಯಲ್ಲಿ, ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಎದೆ ಉರಿಯುತ್ತೆ. ಉರಿದವನು ಹತ್ತು ಜನಕ್ಕೆ ಹೇಳ್ತಾನೆ. ಆನೆಕಾಲು ಮಾತ್ರೆಯಲ್ಲೂ ಹಾಗೇ. ಮೈಯಲ್ಲಿ ಆ ರೋಗದ ಹುಳ ಇದ್ದವರಿಗೆ ಅವು ಸಾಯುವಾಗ ಜ್ವರ, ತಲೆನೋವು, ವಾಂತಿ ಬರಬಹುದು. "ಹೀಗಾಗಬಹುದು, ಹಾಗಾದರೆ ನನ್ನನ್ನು ಕರೀರಿ" ಅಂತ ಮೊದಲೇ ಹೇಳಿದರೆ ವಾಂತಿ ಬರೀ ವಾಂತಿ. ಹೇಳದಿದ್ದರೆ ಅದೇ ವಾಂತಿ ವಾಟ್ಸಾಪ್‌ನಲ್ಲಿ ಸಾವಿನ ಸುದ್ದಿ ಆಗಿರುತ್ತೆ. ಮತ್ತೆ, ಕರೆದಾಗ ಹೋಗಬೇಕು. ಹೋಗದಿದ್ದರೆ ಮುಂದಿನ ವರ್ಷ ಆ ಓಣಿಗೆ ಕಾಲಿಡಬೇಡಿ.

ಸಾಕು ಮಾತು. ಮಧ್ಯಾಹ್ನ ಎರಡೂವರೆಗೆ ಇದೇ ಶಾಲೆಯಲ್ಲಿ ಮಾಡಿ ನೋಡೋಣ. 600 ಪೆಪ್ಪರ್‌ಮಿಂಟ್ ತಂದಿದ್ದೇನೆ, ಅದೇ ನಮ್ಮ ಮಾತ್ರೆ. ನಾಲ್ಕು ಮೇಜು. ಅಕ್ಕಂದಿರು ಮೇಜಿನ ಹಿಂದೆ, ಎನ್‌ಎಸ್‌ಎಸ್‌ನವರಲ್ಲಿ ಅರ್ಧ ಜನ ಊರಿನವರಾಗಿ ಬನ್ನಿ. ಇಬ್ಬರು ಜ್ವರದವರು, ಒಬ್ಬರು ಕಿವಿ ಕೇಳದ ಅಜ್ಜಿ, ಒಬ್ಬರು ಜಗಳಗಂಟ. ಜಗಳಗಂಟ ಆಗೋಕೆ ಆಗಲೇ ಮೂರು ಕೈ ಎದ್ದಿವೆ, ಸಂತೋಷ. ಒಬ್ಬರು ಗಡಿಯಾರ ಹಿಡಿದು ಒಬ್ಬೊಬ್ಬರಿಗೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೀಬೇಕು. ನನ್ನ ಒಂದು ನಿಮಿಷದ ಲೆಕ್ಕ ಸುಳ್ಳಾಗುತ್ತೆ ನೋಡ್ತಿರಿ.

ಅದಕ್ಕೆ ಮುಂಚೆ, ಊಟಕ್ಕೆ ಎದ್ದಾಗ ಒಂದು ಕೆಲಸ. ಭಾನುವಾರ ರಾತ್ರಿ ಈ ಶಾಲೆಯ ಗೇಟಿನ ಕೀಲಿ ಯಾರ ಮನೆಯಲ್ಲಿರುತ್ತೆ ಅಂತ ವಿಚಾರಿಸಿಕೊಂಡು ಬನ್ನಿ. ಬೆಳಿಗ್ಗೆ ಬಂದಾಗ ನಾನು ಮೂವರನ್ನು ಕೇಳಿದೆ. ಮೂವರೂ ಬೇರೆ ಬೇರೆ ಹೆಸರು ಹೇಳಿದರು.